ಏರಿಗೆ ಕಲ್ಲು, ಅಂಚಿಗೆ ಹುಲ್ಲು

ಕೆರೆ ತುಂಬಿದ ದಿನ ಊರಿಗೆಲ್ಲ ಹಬ್ಬ. ಕೋಡಿ ಬಿತ್ತು ಎಂಬ ಸುದ್ದಿ ಕೇಳಿದೊಡನೆ ಜನ ಏರಿಯ ಕಡೆಗೆ ನಡೆಯುತ್ತಾರೆ. ಕಣ್ತುಂಬ ನೀರು ನೋಡುತ್ತಾರೆ, ಗಂಗೆಗೆ ಪೂಜೆ ಮಾಡಿ ಬಾಗಿನ ಬಿಡುತ್ತಾರೆ. ಆದರೆ ತಾವು ನಿಂತಿರುವ ಏರಿಯ ಒಳಮೈಯನ್ನು ಬಗ್ಗಿ ನೋಡುವವರು ಕಡಿಮೆ. ಅಲ್ಲಿ, ನೀರು ಮಣ್ಣನ್ನು ಮುಟ್ಟುವ ಗೆರೆಯಲ್ಲಿ, ಹಗಲೂ ರಾತ್ರಿ ಒಂದು ಕೆಲಸ ನಡೆಯುತ್ತಿರುತ್ತದೆ. ಅಲೆ ಬರುತ್ತದೆ, ಹೋಗುತ್ತದೆ. ಹೋಗುವಾಗ ಒಂದು ಹಿಡಿ ಮಣ್ಣನ್ನು ಜೊತೆಗೆ ಒಯ್ಯುತ್ತದೆ. ಮೂರು ಸೆಕೆಂಡಿಗೆ ಒಂದು ಅಲೆ ಎಂದು ಲೆಕ್ಕ ಹಿಡಿದರೂ ಒಂದು ದಿನಕ್ಕೆ 28,800 ಅಲೆಗಳಾದವು.

ದಡದ ಕೊರೆತ ಎಂದರೆ ನಮಗೆ ಕೂಡಲೇ ನೆನಪಾಗುವುದು ಸಮುದ್ರ. ಉಳ್ಳಾಲದಲ್ಲಿ ಮನೆಗಳು ಸಮುದ್ರದ ಪಾಲಾದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಸಿಹಿನೀರಿನ ಕೆರೆಗೂ ದಡವಿದೆ, ಅದಕ್ಕೂ ಕೊರೆತವಿದೆ ಎಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಈ ಎಲ್ಲ ಕೆರೆಗಳ ದಡವನ್ನು ಸೇರಿಸಿ ಅಳೆದರೆ ಅದರ ಮುಂದೆ ನಮ್ಮ ಕರಾವಳಿಯ ಉದ್ದ ಏನೂ ಅಲ್ಲ. ಆದುದರಿಂದ ಇಂದು ಈ ದಡದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕೆರೆಗೆ ಎರಡು ಬಗೆಯ ದಡ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮ ಕೆರೆಗೆ ಇರುವುದು ಒಂದೇ ದಡವಲ್ಲ, ಎರಡು. ಒಂದು ಮನುಷ್ಯ ಕಟ್ಟಿದ್ದು. ಅದೇ ಏರಿ. ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಹಾಕಿ, ತುಳಿದು, ಗಟ್ಟಿ ಮಾಡಿ ಎತ್ತರಿಸಿದ ಒಡ್ಡು. ನೀರು ಇಲ್ಲಿ ಆಳವಾಗಿರುತ್ತದೆ. ಏರಿಯ ಹಿಂದೆ ಅಚ್ಚುಕಟ್ಟು, ಗದ್ದೆ, ತೋಟ, ಎಷ್ಟೋ ಕಡೆ ಊರೇ ಇರುತ್ತದೆ. ಇನ್ನೊಂದು ಪ್ರಕೃತಿ ಕೊಟ್ಟ ದಡ. ಅದು ಏರಿಯ ಎದುರಿಗೆ, ನೀರು ಒಳಗೆ ಬರುವ ಕಡೆ ಮತ್ತು ಎರಡು ಬದಿಗಳಲ್ಲಿ ಇದೆ. ಇಲ್ಲಿ ನೆಲ ನಿಧಾನವಾಗಿ ಇಳಿಯುತ್ತ ನೀರಿನೊಳಗೆ ಹೋಗುತ್ತದೆ. ಇದನ್ನು ನಾವು ಕೆರೆಯಂಗಳದ ಅಂಚು ಎನ್ನೋಣ.

ಈ ಎರಡು ದಡಗಳ ಸ್ವಭಾವ ಬೇರೆ, ಅವುಗಳ ರೋಗ ಬೇರೆ, ಮದ್ದೂ ಬೇರೆ. ಏರಿಗೆ ಬೇಕಾದದ್ದು ಕಲ್ಲು. ಅಂಚಿಗೆ ಬೇಕಾದದ್ದು ಹುಲ್ಲು. ಇತ್ತೀಚಿನ ವರ್ಷಗಳಲ್ಲಿ ನಾವು ಮಾಡುತ್ತಿರುವ ತಪ್ಪು ಇಷ್ಟೆ: ಏರಿಯ ಕಲ್ಲನ್ನು ಜಾರಲು ಬಿಟ್ಟು ಅಲ್ಲಿ ಗಿಡ ಬೆಳೆಯಗೊಡುತ್ತಿದ್ದೇವೆ, ಅಂಚಿನ ಹುಲ್ಲನ್ನು ಕಿತ್ತು ಅಲ್ಲಿ ಕಲ್ಲು ಕಟ್ಟುತ್ತಿದ್ದೇವೆ.

ಅಲೆ ಹುಟ್ಟುವ ಬಗೆ

ಅಲೆಯ ಶಕ್ತಿ ಎಲ್ಲಿಂದ ಬರುತ್ತದೆ? ಗಾಳಿಯಿಂದ. ಆದರೆ ಗಾಳಿಯ ವೇಗವೊಂದೇ ಸಾಲದು. ಗಾಳಿಗೆ ನೀರಿನ ಮೇಲೆ ಓಡಲು ಬಯಲು ಬೇಕು. ತಟ್ಟೆಯ ನೀರನ್ನು ಊದಿದರೆ ಸಣ್ಣ ನಿರಿಗೆ ಏಳುತ್ತದೆ. ಅದೇ ಉಸಿರಿಗೆ ಹತ್ತು ಮಾರು ಉದ್ದದ ನೀರು ಸಿಕ್ಕಿದರೆ ನಿರಿಗೆ ಬೆಳೆಯುತ್ತ ಹೋಗುತ್ತದೆ. ಗಾಳಿ ತಡೆಯಿಲ್ಲದೆ ನೀರಿನ ಮೇಲೆ ಸಾಗುವ ಈ ದೂರವನ್ನು ಎಂಜಿನಿಯರುಗಳು ಫೆಚ್ ಎಂದು ಕರೆಯುತ್ತಾರೆ. ಏರಿಯ ಎತ್ತರವನ್ನು ನಿರ್ಧರಿಸುವಾಗ ಈ ದೂರವನ್ನೂ ಗಾಳಿಯ ವೇಗವನ್ನೂ ಸೇರಿಸಿ ಅಲೆಯ ಎತ್ತರ ತಿಳಿಯಲು ಒಂದು ಸೂತ್ರವಿದೆ. ಆ ಸೂತ್ರದ ಪ್ರಕಾರ ಎರಡು ಕಿಲೋಮೀಟರ್ ಉದ್ದದ ನೀರಿನ ಮೇಲೆ ಗಂಟೆಗೆ 80 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಏಳುವ ಅಲೆ ಸುಮಾರು 85 ಸೆಂಟಿಮೀಟರ್. ಅಂದರೆ ಸೊಂಟದ ಮಟ್ಟ. ಊರ ಕೆರೆಯಲ್ಲಿ ಇಷ್ಟು ದೊಡ್ಡ ಅಲೆಯೇ ಎಂದು ಆಶ್ಚರ್ಯಪಡಬೇಡಿ. ಅದು ಬಿರುಗಾಳಿಯ ದಿನದ ಲೆಕ್ಕ. ಆದರೆ ಏರಿ ಒಡೆಯುವುದೂ ಅಂಥ ದಿನವೇ.

ಇಳಿಜಾರಿನ ಮೇಲೆ ಅಲೆ ತನ್ನ ಎತ್ತರಕ್ಕಿಂತಲೂ ಮೇಲಕ್ಕೆ ಏರುತ್ತದೆ. ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಹಿರಿಯರು ಅಷ್ಟು ಎತ್ತರ ಬಿಟ್ಟದ್ದು ಈ ಕಾರಣಕ್ಕಾಗಿಯೇ. ಕೆರೆಯಲ್ಲಿ ಇನ್ನೂ ನಾಲ್ಕು ದಿನದ ನೀರು ನಿಲ್ಲಲಿ ಎಂದು ಕೋಡಿಗೆ ಮರಳು ಚೀಲ ಅಡ್ಡ ಇಡುವುದನ್ನು ಕೆಲವು ಊರುಗಳಲ್ಲಿ ಕಾಣುತ್ತೇವೆ. ಹಾಗೆ ಮಾಡಿದಾಗ ನೀರು ಕಲ್ಲಿನ ಕವಚ ಮುಗಿದ ಮೇಲಿನ ಬರಿಮಣ್ಣಿಗೆ ಬರುತ್ತದೆ. ಅಲೆಗೆ ಮೀಸಲಾದ ಜಾಗವನ್ನು ನೀರಿಗೆ ಕೊಟ್ಟಂತಾಗುತ್ತದೆ. ದಯವಿಟ್ಟು ಈ ಕೆಲಸ ಮಾಡಬೇಡಿ.

ನಿಮ್ಮ ಕೆರೆಯ ಏರಿ ಯಾವ ದಿಕ್ಕಿಗಿದೆ ಎಂಬುದನ್ನೂ ಒಮ್ಮೆ ಯೋಚಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಪಶ್ಚಿಮ, ನೈಋತ್ಯ ದಿಕ್ಕಿನಿಂದ ಬಲವಾಗಿ ಬೀಸುತ್ತದೆ. ಆಗ ಪೂರ್ವದ ದಡಕ್ಕೆ ಹೊಡೆತ ಹೆಚ್ಚು. ಹಿಂಗಾರಿನಲ್ಲಿ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ. ಹಳೆ ಮೈಸೂರಿನ ಪೂರ್ವ ಭಾಗದಲ್ಲಿ ಕೆರೆಗಳು ತುಂಬುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಬರುವ ಕಾಲವೂ ಅದೇ ಆದ್ದರಿಂದ, ಕೆರೆ ತುಂಬಿರುವಾಗಲೇ ಬಿರುಗಾಳಿಯೂ ಕೂಡಿಬರಬಹುದು.

ಕಲ್ಲಿನ ಕೆಲಸ

ಏರಿಯ ಒಳಮೈಗೆ ಕಲ್ಲು ಹೊದಿಸುವುದನ್ನು ರಿವೆಟ್‌ಮೆಂಟ್ ಎನ್ನುತ್ತಾರೆ. ಹಳ್ಳಿಗಳಲ್ಲೂ ಈಗ ಅದೇ ಮಾತು ಬಳಕೆಯಲ್ಲಿದೆ. ನೋಡಿದರೆ ಕಲ್ಲುಗಳನ್ನು ಸುಮ್ಮನೆ ಜೋಡಿಸಿದಂತೆ ಕಾಣುತ್ತದೆ. ಆದರೆ ಅದರ ಹಿಂದೆ ಒಂದು ವಿವೇಕವಿದೆ.

ಅಲೆ ಎರಡು ಕೆಲಸ ಮಾಡುತ್ತದೆ. ಬರುವಾಗ ಹೊಡೆಯುತ್ತದೆ, ಹೋಗುವಾಗ ಎಳೆಯುತ್ತದೆ. ಹೊಡೆತವನ್ನು ಕಲ್ಲಿನ ತೂಕ ತಡೆಯುತ್ತದೆ. ಎಳೆತವನ್ನು ಕಲ್ಲು ತಡೆಯಲಾರದು, ಏಕೆಂದರೆ ಎರಡು ಕಲ್ಲುಗಳ ಸಂದಿನಿಂದ ನೀರು ಹಿಂದಿನ ಮಣ್ಣನ್ನು ಹೀರಿ ತೆಗೆಯುತ್ತದೆ. ಆದುದರಿಂದಲೇ ಕಲ್ಲಿನ ಹಿಂದೆ ಗರಸು ಅಥವಾ ಸಣ್ಣ ಜಲ್ಲಿಯ ಒಂದು ಹಾಸು ಇರಬೇಕು. ಅದು ನೀರನ್ನು ಬಿಡುತ್ತದೆ, ಮಣ್ಣನ್ನು ಹಿಡಿಯುತ್ತದೆ. ಕಾಫಿ ಸೋಸುವ ಬಟ್ಟೆಯಿದ್ದ ಹಾಗೆ. ಸಾಮಾನ್ಯವಾಗಿ ಒಂದು ಅಡಿ ದಪ್ಪದ ಕಲ್ಲಿಗೆ ಅರ್ಧ ಅಡಿಯ ಜಲ್ಲಿ ಹಾಸು ಬೇಕು. ಖರ್ಚು ಉಳಿಸಲು ಜಲ್ಲಿಯನ್ನು ಬಿಟ್ಟು ಬರಿಮಣ್ಣಿನ ಮೇಲೆ ಕಲ್ಲಿಟ್ಟರೆ ಮೊದಲ ವರ್ಷ ಏನೂ ತಿಳಿಯುವುದಿಲ್ಲ. ಹೊರಗೆ ಕಲ್ಲು ನೆಟ್ಟಗೆ ನಿಂತಿರುತ್ತದೆ, ಒಳಗೆ ಪೊಳ್ಳಾಗುತ್ತಿರುತ್ತದೆ. ಒಂದು ದಿನ ದನ ಇಳಿಯುವಾಗ ಕಾಲು ಹೂತು ಹೋದಾಗಲೇ ಗೊತ್ತಾಗುವುದು.

ಕಲ್ಲನ್ನು ಇಡುವ ಬಗೆಗೂ ಕ್ರಮವಿದೆ. ಕೆಲಸ ಬುಡದಿಂದ ಆರಂಭವಾಗಬೇಕು. ಇಳಿಜಾರಿನ ಬುಡದಲ್ಲಿ ಗುಂಡಿ ತೋಡಿ, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕಲ್ಲುಗಳನ್ನು ಹೂಳಬೇಕು. ಮೇಲಿನ ಎಲ್ಲ ಕಲ್ಲುಗಳೂ ಇವುಗಳ ಮೇಲೆ ಆತುಕೊಂಡಿರುತ್ತವೆ. ಕಲ್ಲಿನ ಉದ್ದ ಏರಿಯ ಒಳಕ್ಕೆ ಹೋಗುವಂತೆ ಇಡಬೇಕೇ ಹೊರತು ಚಪ್ಪಡಿಯ ಹಾಗೆ ಮಲಗಿಸಬಾರದು. ಮಲಗಿಸಿದ ಕಲ್ಲು ಹೆಚ್ಚು ಜಾಗ ಮುಚ್ಚುತ್ತದೆ, ಗುತ್ತಿಗೆಯ ಅಳತೆಗೆ ಲಾಭ. ಆದರೆ ಅಲೆ ಅದನ್ನು ಸುಲಭವಾಗಿ ಎತ್ತುತ್ತದೆ. ಸಂದುಗಳಿಗೆ ಚೂರುಗಲ್ಲು ಬಡಿದು ಬಿಗಿ ಮಾಡಬೇಕು. ಅನುಭವಿ ಒಡ್ಡರು ತಾವು ಇಟ್ಟ ಕಲ್ಲಿನ ಮೇಲೆ ನಿಂತು ಕಾಲಿನಿಂದ ಅಲ್ಲಾಡಿಸಿ ನೋಡುತ್ತಿದ್ದರು. ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಸಿಮೆಂಟ್ ಹಾಕಿ ಎಲ್ಲವನ್ನೂ ಮುಚ್ಚಿಬಿಟ್ಟರೆ ಗಟ್ಟಿಯಲ್ಲವೇ ಎಂದು ಹಲವರು ಕೇಳುತ್ತಾರೆ. ಕೆರೆಯ ನೀರು ಇಳಿಯುವಾಗ ಏರಿಯ ಹೊಟ್ಟೆಯಲ್ಲಿ ಹೀರಿಕೊಂಡ ನೀರು ಹೊರಗೆ ಬರಬೇಕು. ದಾರಿ ಇಲ್ಲದಿದ್ದರೆ ಅದು ಒಳಗಿನಿಂದ ಹೊದಿಕೆಯನ್ನು ತಳ್ಳುತ್ತದೆ. ಸಿಮೆಂಟ್ ಹೊದಿಕೆ ಉಬ್ಬಿ ಬಿರಿಯುವುದು ಹೀಗೆ. ಜೋಡಿಸಿದ ಕಲ್ಲಿಗೆ ಈ ತೊಂದರೆ ಇಲ್ಲ. ಏರಿ ಸ್ವಲ್ಪ ಕುಸಿದರೆ ಅದೂ ಜೊತೆಗೆ ಕುಸಿದು ಕೂರುತ್ತದೆ, ಒಂದು ಕಲ್ಲು ಜಾರಿದರೆ ಒಂದನ್ನೇ ಎತ್ತಿ ಇಡಬಹುದು. ಸಿಮೆಂಟ್ ಬಳಸಲೇಬೇಕಾದ ಕಡೆ ನೀರು ಹೊರಬರಲು ಅಲ್ಲಲ್ಲಿ ತೂತು ಬಿಡುವುದು ಅಗತ್ಯ.

ಮೊದಲ ಕಲ್ಲು ಜಾರಿದ ಮೇಲೆ

ಏರಿ ಒಂದೇ ದಿನಕ್ಕೆ ಕೊರೆಯುವುದಿಲ್ಲ. ಮೊದಲು ಒಂದು ಕಲ್ಲು ಜಾರುತ್ತದೆ. ಅದರ ಜಾಗದಲ್ಲಿ ಅಲೆ ಗುಳಿ ಮಾಡುತ್ತದೆ. ಗುಳಿಯ ಮೇಲಿನ ಕಲ್ಲಿಗೆ ಆಸರೆ ತಪ್ಪಿ ಅದೂ ಉರುಳುತ್ತದೆ. ಕೆಲವು ತಿಂಗಳಲ್ಲಿ ನೀರಿನ ಮಟ್ಟದ ಉದ್ದಕ್ಕೂ ಒಂದು ಮೆಟ್ಟಿಲು ಕಡಿದಂತೆ ಆಗುತ್ತದೆ. ಮೆಟ್ಟಿಲಿನ ಮೇಲಿನ ಮಣ್ಣು ಕಡಿದಾಗಿ ನಿಂತು, ಮಳೆಗೆ ನೆನೆದು, ಹೋಳು ಹೋಳಾಗಿ ಬೀಳುತ್ತದೆ. ಏರಿಯ ತಲೆ ಕಿರಿದಾಗುತ್ತದೆ. ಎತ್ತಿನ ಗಾಡಿ ಓಡುತ್ತಿದ್ದ ಕಡೆ ಸೈಕಲ್ಲಿಗೆ ಮಾತ್ರ ದಾರಿ ಉಳಿಯುತ್ತದೆ. ಆಮೇಲೆ ಒಂದು ದೊಡ್ಡ ಮಳೆ ಬಂದರೆ ಸಾಕು.

ಬಯಲುಸೀಮೆಯ ಒಂದು ಊರಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಆ ಕೆರೆ ಹನ್ನೆರಡು ವರ್ಷ ತುಂಬಿರಲಿಲ್ಲ. ಇನ್ನು ಇದು ತುಂಬುವುದುಂಟೇ ಎಂದು ಜನ ರಿವೆಟ್‌ಮೆಂಟ್ ಕಲ್ಲುಗಳನ್ನು ಒಂದೊಂದಾಗಿ ಮನೆಯ ಪಾಯಕ್ಕೆ, ಹಿತ್ತಿಲ ಗೋಡೆಗೆ ಒಯ್ದಿದ್ದರು. ಏರಿಯ ನಡುವೆ ಸುಮಾರು ಮೂವತ್ತು ಅಡಿ ಬರಿಮಣ್ಣಾಗಿತ್ತು. ಹದಿಮೂರನೆಯ ವರ್ಷ ಕೆರೆ ತುಂಬಿತು. ಮೂರು ದಿನ ಬೀಸಿದ ಗಾಳಿಗೆ ಆ ಮೂವತ್ತು ಅಡಿಯಲ್ಲೇ ಅಲೆ ಕಚ್ಚಿತು. ಮೂರನೆಯ ರಾತ್ರಿ ಊರಿನ ಗಂಡಸರು, ಹೆಂಗಸರು ಲಾಟೀನು, ಟಾರ್ಚು ಹಿಡಿದು ಏರಿಯ ಮೇಲಿದ್ದರು. ಒಬ್ಬ ಮುದುಕರು ಜಾಲಿ ಕೊಂಬೆಗಳನ್ನು ಕಡಿಸಿ, ಹೊರೆ ಕಟ್ಟಿಸಿ, ಕಲ್ಲು ಬಿಗಿದು ನೀರಿಗೆ ಇಳಿಬಿಡಿಸಿದರು. ಅಲೆ ಕೊಂಬೆಗಳಲ್ಲಿ ಸಿಕ್ಕಿ ಮುರಿಯಿತು. ಅದರ ಹಿಂದೆ ಮಣ್ಣಿನ ಚೀಲ ಪೇರಿಸಿದರು. ತೂಬು ತೆರೆದು ನೀರನ್ನು ನಿಧಾನವಾಗಿ ಇಳಿಸಿದರು. ಬೆಳಗಾಗುವಾಗ ಏರಿ ಉಳಿದಿತ್ತು, ಆದರೆ ಅದರ ತಲೆ ಮೂರು ಅಡಿ ಮಾತ್ರ ಇತ್ತು. ಆ ಮುದುಕರು ನನಗೆ ಹೇಳಿದ ಮಾತು ನೆನಪಿದೆ: “ಸ್ವಾಮಿ, ಈ ಕಲ್ಲೆಲ್ಲ ಎಲ್ಲಿವೆ ಅಂತ ನಮಗೆ ಗೊತ್ತು. ನಮ್ಮ ಮನೆ ಪಾಯದಲ್ಲೇ ಇವೆ. ಏರಿ ಒಡೆದಿದ್ರೆ ಮೊದಲು ಆ ಮನೆಗಳೇ ಹೋಗ್ತಿದ್ದವು.”

2021ರ ನವೆಂಬರ್ ತಿಂಗಳ ಭಾರಿ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ತುಂಬದಿದ್ದ ಎಷ್ಟೋ ಕೆರೆಗಳು ತುಂಬಿ ಕೋಡಿ ಹರಿದವು. ಬರದ ವರ್ಷಗಳಲ್ಲಿ ಏರಿಯನ್ನು ಮರೆತವರಿಗೆ ನೀರಿನ ವರ್ಷದಲ್ಲಿ ಎಚ್ಚರವಾಗುತ್ತದೆ. ಆದರೆ ತುಂಬಿದ ಕೆರೆಯಲ್ಲಿ ಕಲ್ಲು ಕಟ್ಟಲಾಗದು. ಕಲ್ಲಿನ ಕೆಲಸವೆಲ್ಲ ಒಣ ಕೆರೆಯ ಕೆಲಸ.

ಇನ್ನೊಂದು ಹೊಸ ಪರಿಸ್ಥಿತಿಯನ್ನೂ ಇಲ್ಲಿ ಹೇಳಬೇಕು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ಬಂದಿತು. ಹೀಗೆ ಹೊರಗಿನಿಂದ ನೀರು ಪಡೆಯುವ ಕೆರೆಗಳಲ್ಲಿ ನೀರು ಹಿಂದಿನಂತೆ ಏರಿ ಇಳಿಯುವ ಬದಲು ಬಹುಕಾಲ ಒಂದೇ ಮಟ್ಟದಲ್ಲಿ ನಿಲ್ಲುವುದುಂಟು. ಮಟ್ಟ ಬದಲಾಗುತ್ತಿದ್ದರೆ ಅಲೆಯ ಹೊಡೆತ ಇಡೀ ಇಳಿಜಾರಿಗೆ ಹಂಚಿಹೋಗುತ್ತದೆ. ಮಟ್ಟ ನಿಂತರೆ ಹೊಡೆತವೆಲ್ಲ ಒಂದೇ ಗೆರೆಗೆ. ಅಂಥ ಕೆರೆಗಳಲ್ಲಿ ಆ ಗೆರೆಯ ಮೇಲೆ ಕೆಳಗೆ ಎರಡೆರಡು ಅಡಿಯನ್ನು ವಿಶೇಷವಾಗಿ ಗಮನಿಸುತ್ತಿರಬೇಕು.

ಏರಿಯ ಮೇಲೆ ಮರ ಬೇಡ

ಕಲ್ಲು ಸಡಿಲಿಸುವ ಇನ್ನೊಂದು ಶತ್ರು ಮರ. ಏರಿಯ ಒಳಮೈಯಲ್ಲಿ ಬಳ್ಳಾರಿ ಜಾಲಿ, ಅರಳಿ, ಆಲ ಹುಟ್ಟಿದರೆ ಅವುಗಳ ಬೇರು ಕಲ್ಲನ್ನು ಎತ್ತುತ್ತದೆ. ಮರ ಸತ್ತ ಮೇಲೆ ಬೇರು ಕೊಳೆತು, ಅದಿದ್ದ ಜಾಗ ನೀರಿಗೆ ಕೊಳವೆಯಾಗುತ್ತದೆ. ಇಲಿ, ಏಡಿಗಳ ಬಿಲವೂ ಹಾಗೆಯೇ. ಗಿಡ ಬೆರಳಿನ ಗಾತ್ರ ಇರುವಾಗಲೇ ಕಿತ್ತರೆ ಒಂದು ನಿಮಿಷದ ಕೆಲಸ. ದೊಡ್ಡ ಮರವಾದ ಮೇಲೆ ಕೆರೆ ತುಂಬಿರುವಾಗ ಬುಡಸಮೇತ ಕೀಳುವುದು ಅಪಾಯ. ನೀರು ಇಳಿದ ಮೇಲೆ ತೆಗೆದು, ಗುಂಡಿಗೆ ಜೇಡಿಮಣ್ಣು ತುಂಬಿ ದಮ್ಮಸು ಮಾಡಬೇಕು. ಏರಿಯ ಹಿಂಬದಿಯ ಇಳಿಜಾರಿಗೆ ಗರಿಕೆ ಸಾಕು. ಅದು ಮಳೆನೀರಿನ ಕೊರೆತವನ್ನು ತಡೆಯುತ್ತದೆ, ಏರಿಯನ್ನು ನೋಡಲು ಅಡ್ಡಿಯನ್ನೂ ಮಾಡುವುದಿಲ್ಲ. ಹಿಂಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಗಮನಿಸುತ್ತಿರಿ, ಕೆಂಪಾಗಿ ಮಣ್ಣು ಬೆರೆತು ಬಂದರೆ ತಡಮಾಡದೆ ತಿಳಿಸಬೇಕಾದವರಿಗೆ ತಿಳಿಸಿ.

ಅಂಚಿಗೆ ಹುಲ್ಲು

ಇನ್ನು ಎರಡನೆಯ ದಡಕ್ಕೆ ಬರೋಣ. ಕೆರೆಯಂಗಳದ ಅಂಚು ಇಳಿಜಾರಾಗಿರುವವರೆಗೆ ಅಲ್ಲಿ ಕೊರೆತ ಹೆಚ್ಚಿಲ್ಲ. ಅಲೆ ಆಳವಿಲ್ಲದ ನೀರಿಗೆ ಬಂದಾಗ ನೆಲಕ್ಕೆ ತಾಗಿ ತಾನೇ ಮುರಿಯುತ್ತದೆ. ಅಲ್ಲಿ ಜೊಂಡು, ಆಪು ಬೆಳೆದಿದ್ದರೆ ಅದರ ನಡುವೆ ಅಲೆ ಪೂರ್ತಿಯಾಗಿ ಅಡಗುತ್ತದೆ. ಜೊಂಡಿನ ಸಾಲಿನ ಒಂದು ಕಡೆ ನೀರು ಕುಣಿಯುತ್ತಿದ್ದರೆ ಇನ್ನೊಂದು ಕಡೆ ಕನ್ನಡಿಯಂತೆ ನಿಂತಿರುವುದನ್ನು ನೀವು ಕಂಡಿರಬಹುದು. ಅಲ್ಲಿಯೇ ಹಕ್ಕಿ ಗೂಡು ಕಟ್ಟುತ್ತದೆ, ಮೀನು ಮೊಟ್ಟೆಯಿಡುತ್ತದೆ.

ಈ ಅಂಚು ಹಾಳಾಗುವುದು ಎರಡು ಕಾರಣದಿಂದ. ಮೊದಲನೆಯದು ಹೂಳೆತ್ತುವ ಹೆಸರಿನಲ್ಲಿ ಮಾಡುವ ಅಗೆತ. ಹೂಳೆತ್ತುವುದು ಒಳ್ಳೆಯದೇ. ಆದರೆ ಯಂತ್ರ ಸುಲಭವಾಗಿ ನಿಲ್ಲುವ ಅಂಚಿನಲ್ಲೇ ನೆಟ್ಟಗೆ ಹಳ್ಳ ತೋಡಿದರೆ ಇಳಿಜಾರು ಹೋಗಿ ಗೋಡೆಯಾಗುತ್ತದೆ. ನೀರು ಬಂದಾಗ ಆ ಮಣ್ಣಿನ ಗೋಡೆ ಕುಸಿಯುತ್ತ ಪಕ್ಕದ ಹೊಲದ ಕಡೆಗೆ ನಡೆಯುತ್ತದೆ. ತೆಗೆದ ಹೂಳಿನಷ್ಟೇ ಮಣ್ಣು ಮತ್ತೆ ಕೆರೆಗೆ ಸೇರುತ್ತದೆ. ಏರಿಯ ಬುಡದ ಹತ್ತಿರ ಅಗೆದರಂತೂ ಇಡೀ ಇಳಿಜಾರಿನ ಆಸರೆಯೇ ತಪ್ಪುತ್ತದೆ. ಹೂಳನ್ನು ಏರಿಯ ಬುಡದಿಂದ ದೂರ, ಕೆರೆಯ ನಡುವಿನಲ್ಲಿ, ಬಟ್ಟಲಿನ ಆಕಾರದಲ್ಲಿ ತೆಗೆಯಬೇಕು. ಅಗೆಯುವ ಮೊದಲು ಎಲ್ಲಿಯವರೆಗೆ ಅಗೆಯಬಹುದೆಂದು ಎಂಜಿನಿಯರಿಂದ ಗೆರೆ ಹಾಕಿಸಿಕೊಳ್ಳಬೇಕು.

ಎರಡನೆಯದು ಪಟ್ಟಣಗಳಲ್ಲಿ ಕಾಣುವ ದೋಷ. ಕೆರೆ ಅಭಿವೃದ್ಧಿ ಎಂದರೆ ಸುತ್ತ ಒಡ್ಡು ಹಾಕಿ, ಕಲ್ಲು ಕಟ್ಟಿ, ಮೇಲೆ ನಡೆಯುವ ದಾರಿ ಮಾಡುವುದು ಎಂಬ ಭಾವನೆ ಬೆಳೆದಿದೆ. ಬೆಂಗಳೂರಿನ ಹಲವು ಕೆರೆಗಳು ಹೀಗೆ ಸೂಪಿನ ಬಟ್ಟಲಿನಂತಾದವು ಎಂದು ಪರಿಸರ ತಜ್ಞರು ಹೇಳುತ್ತ ಬಂದಿದ್ದಾರೆ. ಸುತ್ತ ಕಡಿದಾದ ಕಲ್ಲು ಇದ್ದರೆ ಅಲೆ ಮುರಿಯುವುದಿಲ್ಲ, ಬಡಿದು ಹಿಂದಕ್ಕೆ ಬರುತ್ತದೆ. ಬಂದ ಅಲೆಯೂ ಹೋಗುವ ಅಲೆಯೂ ಕೂಡಿ ಗೋಡೆಯ ಬುಡವನ್ನೇ ಕಲಕುತ್ತವೆ. ಮೇಲಿನ ಹೊಲಗಳಿಂದ ಬರುವ ನೀರಿಗೂ ಒಡ್ಡು ಅಡ್ಡವಾಗಿ ಅದು ಬೇರೆ ದಾರಿ ಹಿಡಿಯುತ್ತದೆ.

ಈ ಪಾಠವನ್ನು ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರಗಳ ದಡದವರೂ ಬಲು ದುಬಾರಿಯಾಗಿ ಕಲಿತಿದ್ದಾರೆ. ಅಮೆರಿಕದ ಮಿಷಿಗನ್ ಸರೋವರದ ನೀರು 2013ರ ಜನವರಿಯಲ್ಲಿ ದಾಖಲೆಯ ಕೆಳಮಟ್ಟಕ್ಕೆ ಇಳಿದಿತ್ತು. ಏಳು ವರ್ಷ ಕಳೆದು 2020ರ ಬೇಸಿಗೆಯ ಹೊತ್ತಿಗೆ ಅದು ಸುಮಾರು ಆರು ಅಡಿ ಏರಿತ್ತು. ದಂಡೆಯ ಎತ್ತರದ ಮಣ್ಣಿನ ದಿಬ್ಬಗಳು ಬುಡ ಕೊರೆದು ಕುಸಿದವು. ತಮ್ಮ ಮನೆಯ ಮುಂದೆ ಗೋಡೆ ಕಟ್ಟಿಕೊಂಡವರ ಮನೆ ಉಳಿದರೂ, ಗೋಡೆಯ ಮುಂದಿನ ಮರಳು ದಂಡೆ ಸವೆಯುತ್ತದೆ, ಪಕ್ಕದವನ ದಡಕ್ಕೆ ಬರಬೇಕಾದ ಮರಳು ನಿಲ್ಲುತ್ತದೆ ಎಂಬುದನ್ನು ಅಲ್ಲಿನವರು ಕಂಡುಕೊಂಡಿದ್ದಾರೆ. ನಮ್ಮ ಕೆರೆಗೂ ಆ ಸರೋವರಕ್ಕೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಆದರೆ ನಿಯಮ ಒಂದೇ: ನೀರು ಇಳಿದಾಗ ಕಾಣುವ ನೆಲ ನೀರಿನದೇ, ಅದನ್ನು ನಮ್ಮದೆಂದು ಬಗೆದವರಿಗೆ ನೀರು ಮರಳಿದಾಗ ನಷ್ಟ ತಪ್ಪಿದ್ದಲ್ಲ. ಬರದ ವರ್ಷದಲ್ಲಿ ಕೆರೆಯಂಗಳವನ್ನು ಒತ್ತಿ ಉಳುವವರು ಇದನ್ನು ನೆನಪಿಡಬೇಕು.

ಹಾಗಾದರೆ ಅಂಚಿನಲ್ಲಿ ಏನು ಮಾಡಬೇಕು? ಮೊದಲು ಕಡಿದಾದ ಕಡೆ ಮಣ್ಣನ್ನು ಕೆತ್ತಿ ಇಳಿಜಾರು ಮಾಡಬೇಕು. ಒಂದು ಅಡಿ ಎತ್ತರಕ್ಕೆ ಐದಾರು ಅಡಿ ಅಗಲವಾದರೆ ಒಳ್ಳೆಯದು. ಅನಂತರ ನೀರಿನ ಮಟ್ಟಕ್ಕೆ ತಕ್ಕಂತೆ ಸಾಲುಗಳಲ್ಲಿ ನೆಡಬೇಕು. ಯಾವಾಗಲೂ ತೇವವಿರುವ ಕಡೆ ಜೊಂಡು, ಆಪು. ಕೆಲವು ತಿಂಗಳು ಮುಳುಗಿ ಕೆಲವು ತಿಂಗಳು ಒಣಗುವ ಕಡೆ ಲಾವಂಚ. ಅದಕ್ಕಿಂತ ಮೇಲೆ ಗರಿಕೆ, ಲಕ್ಕಿ. ಎಲ್ಲಕ್ಕೂ ಮೇಲೆ, ತುಂಬಿದ ನೀರಿನ ಗೆರೆಯಿಂದ ಆಚೆ, ಹೊಂಗೆ, ನೇರಳೆ, ಹೊಳೆಮತ್ತಿ.

ಲಾವಂಚದ ಬಗ್ಗೆ ಎರಡು ಮಾತು. ಅದರ ಬೇರು ಅಡ್ಡ ಹರಡದೆ ನೆಟ್ಟಗೆ ಕೆಳಗೆ ಇಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರ್‌ವರೆಗೂ ಹೋಗುತ್ತದೆ. ಬರವನ್ನೂ ತಡೆಯುತ್ತದೆ, ಕೆಲ ಕಾಲದ ಮುಳುಗಡೆಯನ್ನೂ ತಡೆಯುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಮಣ್ಣು ಸಂರಕ್ಷಣೆಗೆ ಲಾವಂಚದ ಬೇಲಿಯನ್ನು ಬಳಸುವಂತೆ ಪ್ರಚಾರ ಮಾಡಿದರು. ಆದರೆ ಗುಂಡ್ಲುಪೇಟೆಯ ಕಡೆಯ ನಮ್ಮ ರೈತರು ಅದಕ್ಕೂ ಬಹಳ ಹಿಂದಿನಿಂದಲೇ ಹೊಲದ ಬದುಗಳಿಗೆ ಲಾವಂಚದ ಸಾಲು ಹಾಕುತ್ತಿದ್ದರು. ಮುಂಗಾರಿನ ಮೊದಲ ಮಳೆಗೆ ಗೆಡ್ಡೆ ಒಡೆದು, ಅಂಗೈ ಅಗಲದ ಅಂತರದಲ್ಲಿ, ನೀರಿನ ಗೆರೆಗೆ ಸಮನಾಗಿ ಸಾಲು ನೆಡಬೇಕು. ಎರಡು ವರ್ಷ ದನ ತುಳಿಯದಂತೆ ನೋಡಿಕೊಂಡರೆ ಆಮೇಲೆ ಅದು ಬೇಲಿಯಾಗುತ್ತದೆ. ಒಂದು ಎಚ್ಚರಿಕೆ: ಪರಿಮಳದ ಬೇರಿನ ಆಸೆಗೆ ದಡದ ಲಾವಂಚವನ್ನು ಅಗೆಯಬಾರದು. ಬೇರು ಮಾರುವುದಕ್ಕೆ ಬೇರೆ ಕಡೆ ಬೆಳೆಯಿರಿ.

ದನಕರುಗಳು ನೀರಿಗೆ ಇಳಿಯಲು ಒಂದೆರಡು ಕಡೆ ಮಾತ್ರ ಕಲ್ಲು ಹಾಸಿ ದಾರಿ ಮಾಡಿಕೊಡಿ. ಕಂಡ ಕಂಡಲ್ಲಿ ಇಳಿದರೆ ಗೊರಸಿನ ತುಳಿತವೇ ಕೊರೆತಕ್ಕೆ ಮೊದಲಾಗುತ್ತದೆ. ಬಟ್ಟೆ ಒಗೆಯುವ ಕಲ್ಲಿಗೂ ಇದೇ ಮಾತು.

ಹಿರಿಯರ ಏರ್ಪಾಡು

ಇಷ್ಟೆಲ್ಲ ಹೊಸ ವಿಷಯವೇನಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಶಾಸನ ಒಂದು ಕೈಪಿಡಿಯಂತಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಹೆಸರಿಸುತ್ತದೆ. ಅತಿ ಉದ್ದವಲ್ಲದ, ಬಿಗಿಯಾದ ಕಲ್ಲುಕಟ್ಟಿನ ಗಟ್ಟಿ ಏರಿ ಆ ಹನ್ನೆರಡರಲ್ಲಿ ಒಂದು. ಏರಿಯಿಂದ ನೀರು ಜಿನುಗುವುದು ಆರು ದೋಷಗಳಲ್ಲಿ ಒಂದು. ಸಾವಿರ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರ್ಷದ ಕೆಲಸ ಎಂದೂ ಅದರಲ್ಲಿ ಹೇಳಿದೆ. ಚನ್ನಗಿರಿ ತಾಲೂಕಿನ ಸೂಳೆಕೆರೆಯನ್ನು ನೋಡಿದರೆ, ವಿಶಾಲವಾದ ನೀರನ್ನು ಎರಡು ಗುಡ್ಡಗಳ ನಡುವಿನ ಗಿಡ್ಡ ಏರಿ ಹಿಡಿದು ನಿಂತಿದೆ. ಏರಿ ಗಿಡ್ಡದಾದಷ್ಟೂ ಕಾಯಬೇಕಾದ ದಡ ಕಡಿಮೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿದ ಸುದ್ದಿ ಮಾತ್ರವಲ್ಲ, ಕೆರೆಯನ್ನು ಕಾಯಲು ಬಿಟ್ಟ ಭೂಮಿಯ ಸುದ್ದಿಯೂ ಇದೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಅವು. ಏರಿಗೆ ಮಣ್ಣು ಹೊರುವ ಬಂಡಿಗೂ ದತ್ತಿ ಬಿಟ್ಟ ಉದಾಹರಣೆಗಳಿವೆ. ಕಟ್ಟುವುದು ಒಂದು ಸಲದ ಪುಣ್ಯ, ಕಾಯುವುದು ವರ್ಷವರ್ಷದ ಕೆಲಸ, ಆ ಕೆಲಸಕ್ಕೆ ವರ್ಷವರ್ಷವೂ ಹುಟ್ಟುವಳಿ ಬೇಕು ಎಂದು ಅವರು ತಿಳಿದಿದ್ದರು. ನೀರಗಂಟಿ ನಿತ್ಯವೂ ಏರಿಯ ಮೇಲೆ ನಡೆಯುತ್ತಿದ್ದ. ಜಾರಿದ ಕಲ್ಲು ಅವನ ಕಣ್ಣಿಗೆ ಮೊದಲ ದಿನವೇ ಬೀಳುತ್ತಿತ್ತು. ನಾವು ಕಳೆದುಕೊಂಡಿರುವುದು ಕಲ್ಲನ್ನಲ್ಲ, ಆ ಕಣ್ಣನ್ನು.

ಈಗ ಏನು ಮಾಡಬಹುದು

ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಸಣ್ಣವು ಪಂಚಾಯಿತಿಗಳಿಗೆ ಸೇರುತ್ತವೆ. ನಿಮ್ಮ ಕೆರೆ ಯಾರದು ಎಂದು ಮೊದಲು ತಿಳಿದುಕೊಳ್ಳಿ. ಆದರೆ ಇಲಾಖೆಗೆ ಪ್ರತಿ ಕೆರೆಯ ಮೇಲೂ ದಿನನಿತ್ಯ ಕಣ್ಣಿಡಲಾಗದು. ಆ ಕೆಲಸ ಊರಿನದೇ.

ವರ್ಷಕ್ಕೆ ಮೂರು ಸಲ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದಾಗ ಏರಿಯ ಒಳಮೈಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಜಾರಿದ ಕಲ್ಲುಗಳಿಗೆ ಸುಣ್ಣದ ಗುರುತು ಹಾಕಿ. ಬುಡಕ್ಕೆ ಉರುಳಿದ ಕಲ್ಲು ಅಲ್ಲಿಯೇ ಬಿದ್ದಿರುತ್ತದೆ, ಹೊಸದಾಗಿ ಕೊಳ್ಳಬೇಕಿಲ್ಲ. ಹಿಂದೆ ಜಲ್ಲಿ ತುಂಬಿ ಮತ್ತೆ ಅದರ ಜಾಗದಲ್ಲಿ ಇಡಬೇಕು ಅಷ್ಟೆ. ಜೂನ್‌ನಲ್ಲಿ ಅಂಚಿಗೆ ಲಾವಂಚ, ಹುಲ್ಲು ನೆಡಿ. ಕೆರೆ ತುಂಬಿದ ಮೇಲೆ, ಗಾಳಿ ಜೋರಾಗಿರುವ ದಿನ, ಮತ್ತೊಮ್ಮೆ ಏರಿಯ ಮೇಲೆ ನಡೆದು ಅಲೆ ಎಲ್ಲಿ ಹೆಚ್ಚು ಬಡಿಯುತ್ತಿದೆ ಎಂದು ನೋಡಿಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಎಲ್ಲಿ ಕೆಲಸ ಮಾಡಬೇಕೆಂಬುದನ್ನು ಆ ಅಲೆಯೇ ಹೇಳುತ್ತದೆ. ಶಾಲೆಯ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹತ್ತು ವರ್ಷದ ಹುಡುಗಿಗೆ ಇದನ್ನು ತೋರಿಸಿದರೆ ಆ ಏರಿಗೆ ಇನ್ನು ಐವತ್ತು ವರ್ಷ ಒಬ್ಬ ಕಾವಲುಗಾರ್ತಿ ಸಿಕ್ಕಂತೆ.

ಜಾರಿದ ಒಂದು ಕಲ್ಲನ್ನು ಎತ್ತಿಡಲು ಇಬ್ಬರು ಆಳು, ಅರ್ಧ ಗಂಟೆ ಸಾಕು. ಅದನ್ನು ಐದು ವರ್ಷ ಬಿಟ್ಟರೆ ಅಂದಾಜುಪಟ್ಟಿ, ಟೆಂಡರು, ಲಕ್ಷಗಟ್ಟಲೆ ಹಣ ಬೇಕಾಗುತ್ತದೆ. ಇನ್ನೂ ಬಿಟ್ಟರೆ ಹಣದಿಂದ ತರಲಾಗದ್ದೂ ಹೋಗುತ್ತದೆ.

ಮುಂದಿನ ಸಲ ನಿಮ್ಮ ಕೆರೆ ತುಂಬಿದಾಗ ಬಾಗಿನ ಬಿಡಲು ಖಂಡಿತ ಹೋಗಿ. ಪೂಜೆ ಮುಗಿದ ಮೇಲೆ, ಮನೆಗೆ ಹಿಂದಿರುಗುವ ಮೊದಲು, ಏರಿಯ ಮೇಲೆ ಒಮ್ಮೆ ನಡೆದು ಬನ್ನಿ. ಜಾರಿದ ಕಲ್ಲು ಎಷ್ಟು ಎಂದು ಎಣಿಸಿಕೊಂಡು ಬನ್ನಿ.